ಪಫರ್ ಮೀನಿನ ಹೊಟ್ಟೆಹುಳುವಿಗೆ ಅಂದಾಜಿನ ಮದ್ದು ಬೇಡ

ಸಂಪಾದಕರಿಗೆ,

ಮಾನ್ಯರೇ,

ಅಕ್ವೇರಿಯಂ ಅಂಗಡಿಗಳಲ್ಲಿ ಬಟಾಣಿ ಪಫರ್ ಎಂಬ ಪುಟ್ಟ ಮೀನಿಗೆ ಈಗ ಒಳ್ಳೆಯ ಬೇಡಿಕೆ. ಹಳದಿ-ಹಸಿರು ಮೈ, ಅದರ ಮೇಲೆ ಕಪ್ಪು ಚುಕ್ಕೆ, ಒಂದೊಂದು ಕಣ್ಣನ್ನು ಒಂದೊಂದು ದಿಕ್ಕಿಗೆ ಹೊರಳಿಸುತ್ತ ಗಾಜಿನ ಬಳಿ ಬಂದು ನಮ್ಮನ್ನೇ ನೋಡುವ ಅಭ್ಯಾಸ. ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುತ್ತಾರೆ. ಮನೆಗೆ ತಂದ ಕೆಲವೇ ವಾರಗಳಲ್ಲಿ ಎಷ್ಟೋ ಮೀನುಗಳ ಹೊಟ್ಟೆ ಒಳಸೇರಿ, ಬಣ್ಣ ಮಾಸಿ, ಒಂದು ಬೆಳಿಗ್ಗೆ ಫಿಲ್ಟರಿಗೆ ಅಂಟಿಕೊಂಡು ಸತ್ತಿರುತ್ತವೆ. ಅಂಗಡಿಯಲ್ಲಿ ಕೇಳಿದರೆ ನೀಲಿ ಬಾಟಲಿಯೊಂದನ್ನು ಕೈಗಿತ್ತು ‘ದಿನಾ ಹತ್ತು ಹನಿ ಹಾಕಿ ಸಾರ್’ ಎನ್ನುತ್ತಾರೆ. ಆ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಮದ್ದು. ಮೀನಿನ ಹೊಟ್ಟೆಯೊಳಗಿನ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ತೊಟ್ಟಿಯ ಸಿಲಿಕೋನ್ ಅಂಟು ಮಾತ್ರ ನೀಲಿಯಾಗುತ್ತದೆ. ಅಂದಾಜಿನ ಮದ್ದು ಹಾಕುವ ಈ ರೂಢಿ ತಪ್ಪಲಿ ಎಂಬ ಕಾರಣಕ್ಕೆ, ಸ್ವಲ್ಪ ಉದ್ದವಾದರೂ, ಈ ಪತ್ರ.

ಬಟಾಣಿ ಪಫರ್ ಪರದೇಶದ ಮೀನಲ್ಲ. ಕ್ಯಾರಿನೋಟೆಟ್ರಾಡಾನ್ ಟ್ರಾವಂಕೋರಿಕಸ್ ಎಂಬ ಶಾಸ್ತ್ರೀಯ ಹೆಸರಿನ ಇದು ಕೇರಳ ಮತ್ತು ದಕ್ಷಿಣ ಕರ್ನಾಟಕದ ಸಿಹಿನೀರಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಪಂಪಾ ನದಿಯಲ್ಲಿ ಸಿಕ್ಕ ಮೀನುಗಳನ್ನು ನೋಡಿ ಹೋರಾ ಮತ್ತು ನಾಯರ್ 1941ರಲ್ಲಿ ಇದನ್ನು ವಿವರಿಸಿದರು. ಪೂರ್ತಿ ಬೆಳೆದರೂ ಮೂರೂವರೆ ಸೆಂಟಿಮೀಟರ್ ದಾಟುವುದು ಅಪರೂಪ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೊಳಗಾಗಬಲ್ಲ ಪ್ರಭೇದ. ಮಾರುಕಟ್ಟೆಗೆ ಬರುವ ಬಹುಪಾಲು ಮೀನು ಹೊಳೆ, ಹಿನ್ನೀರುಗಳಿಂದ ನೇರವಾಗಿ ಹಿಡಿದದ್ದು. ಅಲ್ಲಿ ಅದರ ಊಟ ನೀರುಚಿಗಟ, ಕೀಟಗಳ ಮರಿ, ಚಿಕ್ಕ ಬಸವನಹುಳು. ಮೀನಿನ ಜಂತುಗಳ ಮರಿಗಳು ಬೆಳೆಯುವುದೂ ಇಂಥ ಜೀವಿಗಳ ಮೈಯೊಳಗೇ. ಹಾಗಾಗಿ ಹೊಳೆಯಿಂದ ಬಂದ ಪಫರ್ ಹೊಟ್ಟೆಯಲ್ಲಿ ಹುಳು ಇರುವುದು ಸಹಜ. ಹೊಳೆಯಲ್ಲಿ ಹೊಟ್ಟೆತುಂಬ ತಿನ್ನುವಾಗ ಅದರಿಂದ ಮೀನಿಗೆ ದೊಡ್ಡ ತೊಂದರೆ ಇಲ್ಲ. ಹಿಡಿಯುವುದು, ಪ್ಯಾಕೆಟ್ಟಿಗೆ ತುಂಬುವುದು, ಲಾರಿ, ಗೋದಾಮು, ಅಂಗಡಿ ಎಂದು ದಿನಗಟ್ಟಲೆ ಉಪವಾಸ ಬಿದ್ದಾಗ ಹುಳು ಗೆಲ್ಲುತ್ತದೆ.

ಮದ್ದಿನ ಮಾತಿಗೆ ಮೊದಲು ರೋಗ ಹೌದೋ ಅಲ್ಲವೋ ನೋಡಿಕೊಳ್ಳಬೇಕು. ಮೀನನ್ನು ಮೇಲಿನಿಂದ ನೋಡಿ. ತಲೆಯ ಹಿಂದಿನ ಮೈ ತಲೆಗಿಂತ ಕಿರಿದಾಗಿದ್ದರೆ ಅದು ಬಹಳ ದಿನಗಳಿಂದ ಸೊರಗುತ್ತಿದೆ ಎಂದರ್ಥ. ಪಕ್ಕದಿಂದ ನೋಡಿದಾಗ ಹೊಟ್ಟೆ ಒಳಕ್ಕೆ ಬಾಗಿದ್ದು, ತಿಂದ ಅರ್ಧ ಗಂಟೆಯ ನಂತರವೂ ತುಂಬಿಕೊಳ್ಳದಿದ್ದರೆ ಹುಳುವಿನ ಅನುಮಾನ ಬರಬೇಕು. ಚೆನ್ನಾಗಿ ತಿನ್ನುತ್ತಲೇ ಒಣಗುವ ಮೀನಿನಲ್ಲಿ ಆ ಅನುಮಾನ ಇನ್ನೂ ಗಟ್ಟಿ. ತಿನ್ನದೇ ಒಣಗುವ ಮೀನಿಗೆ ಬೇರೆ ಕಾರಣಗಳೂ ಇರುತ್ತವೆ. ಪಫರ್‌ನ ಹಲ್ಲು ಕೊಕ್ಕಿನಂತೆ ಜೀವನಪೂರ್ತಿ ಬೆಳೆಯುತ್ತದೆ; ಗಟ್ಟಿ ಚಿಪ್ಪು ಕಡಿಯಲು ಸಿಗದಿದ್ದರೆ ಉದ್ದವಾಗಿ ಬಾಯಿ ಮುಚ್ಚಲಾಗದೆ, ಆಹಾರ ಕುಟುಕಿ ಉಗುಳುತ್ತದೆ. ಒಂದೇ ತೊಟ್ಟಿಯಲ್ಲಿ ಐದಾರು ಇದ್ದರೆ ಜೋರಾದ ಗಂಡು ಮಿಕ್ಕವನ್ನು ಮೂಲೆಗಟ್ಟಿ ತಿನ್ನಲು ಬಿಡುವುದಿಲ್ಲ. ಹೊಸ ತೊಟ್ಟಿಯಲ್ಲಿ ಅಮೋನಿಯ ಏರಿದ್ದರೂ ಮೀನು ಕಪ್ಪಾಗಿ ಮೂಲೆ ಸೇರುತ್ತದೆ. ಇವುಗಳಿಗೆಲ್ಲ ಜಂತುಮಾತ್ರೆ ಹಾಕಿದರೆ ಇದ್ದ ಕಷ್ಟದ ಜೊತೆ ಇನ್ನೊಂದು ಸೇರಿದಂತೆ.

ಇನ್ನು ಮಲ. ಆರೋಗ್ಯವಂತ ಪಫರ್‌ನ ಮಲ ತಿಂದದ್ದರ ಬಣ್ಣದ್ದು. ಬ್ಲಡ್‌ವರ್ಮ್ ಎಂಬ ಕೆಂಪು ಕೀಟಮರಿ ತಿಂದರೆ ಕಂದುಗೆಂಪು. ಬೇಗ ತುಂಡಾಗಿ ತಳ ಸೇರುತ್ತದೆ. ಬಿಳಿಯ, ಪಾರದರ್ಶಕ, ದಾರದಂತೆ ನೇತಾಡುವ ಮಲ ಕಂಡರೆ ಎಲ್ಲರೂ ‘ಹುಳು’ ಎಂದುಬಿಡುತ್ತಾರೆ. ಎರಡು ದಿನ ಏನೂ ತಿನ್ನದ ಮೀನೂ ಹಾಗೇ ಲೋಳೆ ಬಿಡುತ್ತದೆ. ಹೊಟ್ಟೆತುಂಬ ತಿಂದ ಮೇಲೂ ದಿನದಿನವೂ ಹಾಗೇ ಬರುತ್ತಿದ್ದರೆ ಮಾತ್ರ ಅದು ಲಕ್ಷಣ. ಗುದದ್ವಾರದಿಂದ ಕೆಂಪು ಎಳೆಗಳು ಇಣುಕುತ್ತಿದ್ದು, ಮೀನು ನಿಶ್ಚಲವಾಗಿ ನಿಂತಾಗ ಹೊರಬಂದು, ಅಲುಗಿದ ಕೂಡಲೇ ಒಳಗೆ ಸರಿದರೆ ಅದು ಕಮಲ್ಲಾನಸ್ ಎಂಬ ದುಂಡುಹುಳು. ಇದೊಂದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಉಳಿದದ್ದಕ್ಕೆ ಸೂಕ್ಷ್ಮದರ್ಶಕ ಬೇಕು, ಮತ್ತು ಅದು ಅಷ್ಟೇನೂ ದೂರದ ಮಾತಲ್ಲ. ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ಮೀನು ಮಲ ಬಿಟ್ಟ ಕೆಲವೇ ನಿಮಿಷಗಳಲ್ಲಿ ಡ್ರಾಪರ್‌ನಿಂದ ಎಳೆದು, ತೊಟ್ಟಿಯದೇ ನೀರಿನ ಒಂದು ಹನಿಯಲ್ಲಿ ಸ್ಲೈಡ್ ಮಾಡಿ, ಕವರ್‌ಸ್ಲಿಪ್ ಮುಚ್ಚಿ ನೋಡಬೇಕು. ನೂರು ಪಟ್ಟಿನಲ್ಲಿ ದುಂಡುಹುಳುವಿನ ಮರಿಗಳು ಹೊರಳಾಡುವುದು, ಎರಡೂ ತುದಿಗೆ ಬಿರಡೆ ಹಾಕಿದಂತಿರುವ, ಕ್ಯಾಪಿಲ್ಲೇರಿಯ ಎಂಬ ದುಂಡುಹುಳುವಿನ ಮೊಟ್ಟೆಗಳು ಕಾಣುತ್ತವೆ. ನಾನೂರು ಪಟ್ಟಿನಲ್ಲಿ ಸರ್ರನೆ ಓಡಾಡುವ ಕಣಗಳು ಕಂಡರೆ ಅವು ಸ್ಪೈರೋನ್ಯೂಕ್ಲಿಯಸ್‌ನಂಥ ಏಕಕೋಶ ಜೀವಿಗಳು. ಮಲ ಒಂದು ಗಂಟೆ ಹಳತಾದರೆ ಇವು ಸತ್ತು, ನೋಡಿದವರಿಗೆ ಏನೂ ಕಾಣುವುದಿಲ್ಲ. ಇಷ್ಟು ಮಾಡಲು ಏಕೆ ಹೇಳುತ್ತೇನೆಂದರೆ ದುಂಡುಹುಳು, ಲಾಡಿಹುಳು, ಏಕಕೋಶ ಜೀವಿ ಈ ಮೂರಕ್ಕೆ ಮೂರು ಬೇರೆ ಮದ್ದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮದ್ದಿಗೆ ಮೊದಲು ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಗೊತ್ತಿರಬೇಕು. ‘ಒಂದೂವರೆ ಅಡಿ ಟ್ಯಾಂಕು’ ಎನ್ನುವುದು ಅಳತೆಯಲ್ಲ. ಒಳಗಿನ ಉದ್ದ 45, ಅಗಲ 25, ನೀರಿನ ಎತ್ತರ 25 ಸೆಂಟಿಮೀಟರ್ ಇದ್ದರೆ ಗುಣಿಸಿ ಸಾವಿರದಿಂದ ಭಾಗಿಸಿದಾಗ ಸುಮಾರು 28 ಲೀಟರ್. ಜಲ್ಲಿ, ಮರದ ಬೊಡ್ಡೆ ಕಳೆದರೆ 25 ಉಳಿದೀತು. ಚಿಕಿತ್ಸೆಯ ತೊಟ್ಟಿಗೆ ಜಲ್ಲಿ ಹಾಕಲೇಬಾರದು. ಬರಿಯ ಗಾಜಿನ ತಳ, ಒಂದು ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡುಗಳು, ಪ್ಲಾಸ್ಟಿಕ್ ಗಿಡ ಸಾಕು. ಅಂಥ ತೊಟ್ಟಿಯನ್ನು ಲೀಟರ್ ಗುರುತಿರುವ ಬಕೆಟ್‌ನಿಂದ ಎಣಿಸಿ ತುಂಬಿದರೆ ಲೆಕ್ಕದ ತಂಟೆಯೇ ಇಲ್ಲ. ಇದ್ದಿಲಿನ ಕಾರ್ಟ್ರಿಜ್ ಇದ್ದರೆ ತೆಗೆದಿಡಬೇಕು, ಇಲ್ಲದಿದ್ದರೆ ಅದು ಮದ್ದನ್ನು ಹೀರಿಕೊಳ್ಳುತ್ತದೆ.

ದುಂಡುಹುಳುವಿಗೆ ನನ್ನ ಮೊದಲ ಆಯ್ಕೆ ಲೆವಾಮಿಸೋಲ್. ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ, ಅವಧಿ 24 ಗಂಟೆ. 25 ಲೀಟರಿಗೆ 50 ಮಿಲಿಗ್ರಾಂ ಆಯಿತು. 150 ಮಿಲಿಗ್ರಾಂನ ಮಾತ್ರೆಯನ್ನು ಚಾಕುವಿನಲ್ಲಿ ಮೂರು ಹೋಳು ಮಾಡಲು ಹೋಗಬೇಡಿ, ಹೋಳುಗಳು ಸಮ ಬರುವುದಿಲ್ಲ. ಎರಡು ಚಮಚದ ನಡುವೆ ಪುಡಿಮಾಡಿ 150 ಮಿಲಿಲೀಟರ್ ನೀರಿನಲ್ಲಿ ಕಲಕಿ. ಲೆವಾಮಿಸೋಲ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ತಳದಲ್ಲಿ ಉಳಿಯುವುದು ಮಾತ್ರೆ ಕಟ್ಟಲು ಬಳಸಿದ ಹಿಟ್ಟು. ಈಗ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಮದ್ದು ಇದೆ. ಸೂಜಿ ತೆಗೆದ ಸಿರಿಂಜಿನಿಂದ 50 ಮಿಲಿಲೀಟರ್ ಅಳೆದು, ಫಿಲ್ಟರಿನ ಗುಳ್ಳೆ ಏಳುವ ಕಡೆ ನಿಧಾನವಾಗಿ ಹಾಕಿ. ಬೆಳಕಿಗೆ ಈ ಮದ್ದು ಹಾಳಾಗುವುದರಿಂದ ತೊಟ್ಟಿಯ ದೀಪ ಆರಿಸಿ, ಮೇಲೊಂದು ಬಟ್ಟೆ ಹೊದಿಸಬೇಕು.

ಇಲ್ಲಿಂದ ಮುಂದಿನದ್ದನ್ನೇ ಹೆಚ್ಚಿನವರು ಮರೆಯುವುದು. ಲೆವಾಮಿಸೋಲ್ ಹುಳುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಲಕ್ವ ಹೊಡೆಸುತ್ತದೆ. ಹಿಡಿತ ತಪ್ಪಿದ ಹುಳುಗಳು ಮಲದೊಂದಿಗೆ ಹೊರಬಂದು ತಳದಲ್ಲಿ ಬೀಳುತ್ತವೆ. ಅಲ್ಲೇ ಬಿಟ್ಟರೆ ಮತ್ತೆ ಚೇತರಿಸಿಕೊಳ್ಳಬಹುದು, ಹಸಿದ ಪಫರ್ ಅವನ್ನೇ ಕುಕ್ಕಿ ತಿನ್ನಲೂಬಹುದು. ಆದ್ದರಿಂದ 24 ಗಂಟೆಯ ಕೊನೆಗೆ ಪೈಪಿನಿಂದ ತಳದ ಪ್ರತಿ ಇಂಚನ್ನೂ ಎಳೆದು, ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಆಮೇಲೆ ಇದ್ದಿಲು ಹಾಕಬೇಕು. ಎಳೆದ ನೀರನ್ನು ಬಿಳಿ ಬಕೆಟಿನಲ್ಲಿ ಹಿಡಿದರೆ ಕೆಂಪು ಎಳೆಗಳು ಕಾಣಿಸಲೂಬಹುದು. ಮೊಟ್ಟೆ, ಮರಿಗಳ ಮೇಲೆ ಇದರ ಪ್ರಭಾವ ಕಡಿಮೆ. ಎರಡರಿಂದ ಮೂರು ವಾರದ ಒಳಗೆ ಇದೇ ಕ್ರಮವನ್ನು ಇನ್ನೊಮ್ಮೆ ಮಾಡಲೇಬೇಕು. ಮೊದಲ ಸಲಕ್ಕೇ ಹೊಟ್ಟೆ ದುಂಡಗಾಯಿತೆಂದು ಕೈಬಿಟ್ಟವರ ಮೀನು ತಿಂಗಳಲ್ಲಿ ಮತ್ತೆ ಒಣಗುತ್ತದೆ. ಕಮಲ್ಲಾನಸ್ ಆದರೆ ಒಂದು ಮೀನನ್ನು ಬೇರೆ ಇಟ್ಟು ಪ್ರಯೋಜನವಿಲ್ಲ. ಅದು ಮೊಟ್ಟೆಯ ಬದಲು ಜೀವಂತ ಮರಿ ಹಾಕುತ್ತದೆ, ಅವು ಆಗಲೇ ದೊಡ್ಡ ತೊಟ್ಟಿಯ ಜಲ್ಲಿಯಲ್ಲಿರುತ್ತವೆ. ಇಡೀ ತೊಟ್ಟಿಗೇ ಚಿಕಿತ್ಸೆ ಮಾಡಬೇಕು.

ಲಾಡಿಹುಳುವಿಗೂ ಕಿವಿರಿಗೆ ಅಂಟುವ ಚಪ್ಪಟೆಹುಳುವಿಗೂ ಪ್ರಾಜಿಕ್ವಾಂಟೆಲ್, ಲೀಟರಿಗೆ 2 ಮಿಲಿಗ್ರಾಂ, 24 ಗಂಟೆ. ಪಫರ್‌ಗೆ ಬೇರೆ ಮೀನಿನಂತೆ ಅಗಲವಾದ ಕಿವಿರು ಮುಚ್ಚಳ ಕಾಣುವುದಿಲ್ಲ, ಎದೆರೆಕ್ಕೆಯ ಮುಂದೆ ಸಣ್ಣ ಸೀಳು ಅಷ್ಟೇ. ಆ ಸೀಳು ಬೇಗ ಬೇಗ ಬಡಿಯುತ್ತ, ಮೀನು ಗಿಡಕ್ಕೆ ಮೈ ತಿಕ್ಕುತ್ತಿದ್ದರೆ ಕಿವಿರು ಹುಳು ಇರಬಹುದು. ಈ ಮದ್ದಿನ ಕಷ್ಟ ಏನೆಂದರೆ ಅದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. 600 ಮಿಲಿಗ್ರಾಂ ಮಾತ್ರೆಯನ್ನು ನುಣ್ಣಗೆ ಅರೆದು 600 ಮಿಲಿಲೀಟರ್ ಉಗುರುಬೆಚ್ಚನೆ ನೀರಿನೊಂದಿಗೆ ಬಾಟಲಿಯಲ್ಲಿ ಜೋರಾಗಿ ಕುಲುಕಿ, ಪುಡಿ ತಳ ಸೇರುವ ಮೊದಲೇ 25 ಲೀಟರಿಗೆ 50 ಮಿಲಿಲೀಟರ್ ಎಳೆಯಬೇಕು. ತೊಟ್ಟಿಯ ನೀರು ಧಾರಾಳವಾಗಿರುವುದರಿಂದ ಅಲ್ಲಿ ಉಳಿದದ್ದೂ ಕರಗುತ್ತದೆ. ಗಾಳಿಯ ಪಂಪ್ ಓಡುತ್ತಲೇ ಇರಲಿ. ದುಂಡುಹುಳುವಿಗೆ ಪ್ರಾಜಿಕ್ವಾಂಟೆಲ್ ನಿರುಪಯೋಗಿ ಎಂಬುದು ನೆನಪಿರಲಿ.

ಏಕಕೋಶ ಜೀವಿಗಳಿಗೆ ಮೆಟ್ರೋನಿಡಜೋಲ್. ಲೀಟರಿಗೆ 6.6 ಮಿಲಿಗ್ರಾಂನಂತೆ ದಿನಕ್ಕೊಮ್ಮೆ, ಮೂರು ದಿನ. ಪ್ರತಿ ಸಲ ಹಾಕುವ ಮೊದಲು ಕಾಲುಭಾಗ ನೀರು ಬದಲಿಸಬೇಕು. 200 ಮಿಲಿಗ್ರಾಂ ಮಾತ್ರೆ ಒಂದು, 30 ಲೀಟರಿಗೆ ಸರಿಹೋಗುತ್ತದೆ. ತೊಟ್ಟಿ 25 ಲೀಟರಿನದಾದರೆ ಅದೇ ಮಾತ್ರೆಯನ್ನು 200 ಮಿಲಿಲೀಟರಿನಲ್ಲಿ ಕರಗಿಸಿ 165 ಮಿಲಿಲೀಟರ್ ಹಾಕಿ. ಇದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ, ಪಶುವೈದ್ಯರಿಂದ ಬರೆಸಿಕೊಳ್ಳಿ. ಬರೆಸುವಾಗ ಬರಿ ಮೆಟ್ರೋನಿಡಜೋಲ್ ಎಂದೇ ಬರೆಸಿ. ಭೇದಿಗೆಂದು ನಮ್ಮಲ್ಲಿ ಮಾರುವ ಎಷ್ಟೋ ಮಾತ್ರೆಗಳಲ್ಲಿ ಅದರ ಜೊತೆ ನಾರ್‌ಫ್ಲಾಕ್ಸಸಿನ್‌ನಂಥ ಇನ್ನೊಂದು ಔಷಧಿ ಬೆರೆತಿರುತ್ತದೆ. ಅದು ಫಿಲ್ಟರಿನಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯವನ್ನೂ ಹೊಡೆಯಬಹುದು. ಮಕ್ಕಳ ಸಿರಪ್ ಅಂತೂ ಬೇಡವೇ ಬೇಡ, ಅದರ ಸಿಹಿಗೆ ನೀರು ರಾತ್ರೋರಾತ್ರಿ ಹಾಲಿನಂತಾಗುತ್ತದೆ. ನಾಯಿಯ ಜಂತುಮಾತ್ರೆಯ ಮಾತೂ ಅದೇ: ಎರಡು ಮೂರು ಮದ್ದು ಒಟ್ಟಿಗಿರುತ್ತವೆ, ಒಂದರ ಪ್ರಮಾಣ ಸರಿಹೊಂದಿಸಿದರೆ ಇನ್ನೊಂದು ತಪ್ಪುತ್ತದೆ.

ಫೆನ್‌ಬೆಂಡಜೋಲ್ ಎಂಬ ಜಂತುಮದ್ದಿನ ಬಗ್ಗೆಯೂ ಕೇಳುವವರಿದ್ದಾರೆ. ಅದು ಒಳ್ಳೆಯ ಮದ್ದೇ, ಆದರೆ ನೀರಿನಲ್ಲಿ ಕರಗದು. ಆಹಾರದ ಜೊತೆ ಹೊಟ್ಟೆಗೆ ಹೋಗಬೇಕು. ಬಟಾಣಿ ಪಫರ್ ತೂಗುವುದು ಒಂದು ಗ್ರಾಂ ಸುತ್ತಮುತ್ತ. ಕಿಲೋ ದೇಹತೂಕಕ್ಕೆ 25 ಮಿಲಿಗ್ರಾಂ ಎಂಬ ಪ್ರಮಾಣದಲ್ಲಿ ಒಂದು ಮೀನಿಗೆ ಸಲ್ಲುವುದು ಮಿಲಿಗ್ರಾಂನ ನಲವತ್ತನೇ ಒಂದು ಭಾಗ! ಒಣ ಆಹಾರವನ್ನೂ ಅದು ಮುಟ್ಟುವುದಿಲ್ಲ. ಕರಗಿಸಿದ ಬ್ಲಡ್‌ವರ್ಮ್ ಅನ್ನು ಮದ್ದಿನ ನೀರಿನಲ್ಲಿ ನೆನೆಸಿ ಕೊಟ್ಟರೆ ಎಷ್ಟು ಒಳಗೆ ಹೋಯಿತು, ಎಷ್ಟು ತೊಳೆದುಹೋಯಿತು ಎಂದು ಹೇಳುವವರು ಯಾರು? ಫಾಹಾಕದಂಥ ದೊಡ್ಡ ಪಫರ್ ಇದ್ದವರು ಸಿಗಡಿಯ ತುಂಡಿನೊಳಗೆ ತುರುಕಿ ಕೊಡಬಹುದು. ಪುಟ್ಟ ಮೀನಿಗೆ ನೀರಿನ ಮದ್ದೇ ವಾಸಿ.

ಮೂರೂ ಮದ್ದನ್ನು ಒಂದೇ ದಿನ ಸುರಿದು ‘ಯಾವುದಾದರೂ ತಗುಲಲಿ’ ಎನ್ನುವುದು ದೊಡ್ಡ ತಪ್ಪು. ಬಳಲಿದ ಮೀನಿನ ಹೊಟ್ಟೆಯಲ್ಲಿ ಒಮ್ಮೆಗೇ ಹುಳು ಸತ್ತು ಕೊಳೆತರೆ ಅದೇ ವಿಷ. ತೀರಾ ಒಣಗಿದ ಮೀನಿಗೆ ಮೊದಲ ವಾರ ಮದ್ದು ಬೇಡ, ದಿನಕ್ಕೆ ಮೂರು ಸಲ ಸ್ವಲ್ಪಸ್ವಲ್ಪ ಆಹಾರ ಸಾಕು. ನಂತರ ಲೆವಾಮಿಸೋಲ್, ಒಂದು ವಾರ ಬಿಟ್ಟು ಅಗತ್ಯವಿದ್ದರೆ ಪ್ರಾಜಿಕ್ವಾಂಟೆಲ್, ಆಮೇಲೆ ಎರಡನೇ ಸುತ್ತಿನ ಲೆವಾಮಿಸೋಲ್. ಸ್ಲೈಡಿನಲ್ಲಿ ಏಕಕೋಶ ಜೀವಿ ಕಂಡರೆ ಮಾತ್ರ ಮೆಟ್ರೋನಿಡಜೋಲ್.

ಮೈಮೇಲಿನ ರೋಗಗಳಲ್ಲಿ ಹೆಚ್ಚು ಕಾಣುವುದು ಬಿಳಿ ಚುಕ್ಕೆ. ಚಳಿಗಾಲದಲ್ಲಿ ಹೀಟರ್ ಇಲ್ಲದ ತೊಟ್ಟಿಗಳಲ್ಲಿ ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಬರುತ್ತದೆ. ಚುಕ್ಕೆಯೊಳಗಿನ ಜೀವಿ ಚರ್ಮದ ಕೆಳಗಿರುವುದರಿಂದ ಆಗ ಯಾವ ಮದ್ದೂ ಅದನ್ನು ಮುಟ್ಟದು. ಉದುರಿ, ತಳದಲ್ಲಿ ಒಡೆದು, ನೂರಾರು ಮರಿಗಳಾಗಿ ಈಜುವಾಗ ಮಾತ್ರ ಕೊಲ್ಲಲು ಸಾಧ್ಯ. ಆ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ತಾವೇ ಸಾಯುತ್ತವೆ. ಚುಕ್ಕೆ ಮಾಯವಾದ ದಿನವೇ ಚಿಕಿತ್ಸೆ ನಿಲ್ಲಿಸಿದವರಿಗೆ ವಾರದಲ್ಲಿ ದುಪ್ಪಟ್ಟು ಚುಕ್ಕೆ ಬರುವುದು ಈ ಕಾರಣಕ್ಕೇ. ನೀರಿನ ಬಿಸಿಯನ್ನು ದಿನಕ್ಕೆ ಎರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಲೀಟರಿಗೆ 2 ಗ್ರಾಂ ಕಲ್ಲುಪ್ಪನ್ನು ಎರಡು ದಿನಗಳಲ್ಲಿ ಹಂಚಿ ಹಾಕಿ, ಹತ್ತರಿಂದ ಹದಿನಾಲ್ಕು ದಿನ ಹಾಗೇ ಇಡಬೇಕು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಪಂಪಿನ ಗಾಳಿ ಹೆಚ್ಚಿಸಿ. ಉಪ್ಪಿಗೆ ಗಿಡಗಳು ಕೊಳೆಯುತ್ತವೆ, ಮೊದಲೇ ತೆಗೆದಿಡಿ. ಪಫರ್ ಮೈಯಲ್ಲಿ ಬೇರೆ ಮೀನಿಗಿರುವಂಥ ಹುರುಪೆಯ ಕವಚ ಇಲ್ಲ. ಆದ್ದರಿಂದ ತಾಮ್ರದ ಮದ್ದು, ಪೊಟ್ಯಾಸಿಯಂ ಪರ್ಮಾಂಗನೇಟ್ ಇದಕ್ಕೆ ಬೇಡ. ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣದ ಮದ್ದು ಹಾಕಲೇಬೇಕಾಗಿ ಬಂದರೆ ಬಾಟಲಿಯ ಮೇಲಿನ ಪ್ರಮಾಣದ ಅರ್ಧ, ಅದೂ ಕೈಗವಸು ಹಾಕಿಕೊಂಡು.

ಮೀನನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬಲೆಯಲ್ಲಿ ಎತ್ತಬೇಡಿ. ಹೆದರಿದ ಪಫರ್ ಉಬ್ಬುತ್ತದೆ. ನೀರೊಳಗೆ ಉಬ್ಬಿದರೆ ನೀರು ಕುಡಿದಿರುತ್ತದೆ, ಉಗುಳಿ ಸರಿಹೋಗುತ್ತದೆ. ನೀರಿನ ಹೊರಗೆ ಉಬ್ಬಿದರೆ ಗಾಳಿ ನುಂಗಿ, ಅದನ್ನು ಹೊರಹಾಕಲಾಗದೆ ಮೇಲೆ ತೇಲಿ ಸಾಯುವ ಸಂಭವವಿದೆ. ಲೋಟವನ್ನು ನೀರಿನಲ್ಲಿ ಮುಳುಗಿಸಿ ನೀರಿನ ಸಮೇತ ಎತ್ತುವುದು ಸರಿಯಾದ ಕ್ರಮ.

ವಾಸಿಯಾದ ಮೇಲೆ ರೋಗ ಮರಳುವುದು ಊಟದ ದಾರಿಯಿಂದ. ಕೆರೆಯಿಂದ ಸೋಸಿ ತಂದ ನೀರುಚಿಗಟದಲ್ಲಿ ಸೈಕ್ಲಾಪ್ಸ್ ಎಂಬ ಪುಟಾಣಿ ನೀರುಜೀವಿ ಸೇರಿರುತ್ತದೆ, ಅದರ ಹೊಟ್ಟೆಯಲ್ಲಿ ಕಮಲ್ಲಾನಸ್ ಮರಿ ಇರಬಹುದು. ಚರಂಡಿಯ ಟ್ಯೂಬಿಫೆಕ್ಸ್ ಹುಳುವಿನ ಬಗ್ಗೆ ಹೇಳುವುದೇ ಬೇಡ. ಗದ್ದೆಯ ಬಸವನಹುಳುವಿನಲ್ಲಿ ಚಪ್ಪಟೆಹುಳುಗಳ ಮರಿ ಬೆಳೆಯುತ್ತವೆ. ಪಫರ್‌ಗೆ ಬಸವನಹುಳು ಬೇಕೇಬೇಕು, ನಿಜ. ಮೀನಿಲ್ಲದ ಬೇರೆ ಡಬ್ಬಿಯಲ್ಲಿ ಅವನ್ನು ಸಾಕಿ, ಅಲ್ಲೇ ಮೊಟ್ಟೆಯೊಡೆದು ಬಂದ ಮರಿಗಳನ್ನು ಮಾತ್ರ ಕೊಡಿ. ಮದ್ದಿನ ನೀರು ಆ ಡಬ್ಬಿಗೆ ಸೋಕದಿರಲಿ. ಮನೆಯ ಬಕೆಟಿನಲ್ಲಿ ಶುದ್ಧ ನೀರಿಟ್ಟು ಹಿಡಿದ ಸೊಳ್ಳೆಮರಿ ಒಳ್ಳೆಯ ಆಹಾರ, ಆದರೆ ದಿನವೂ ಸೋಸಿ ತೆಗೆಯಬೇಕು, ತಪ್ಪಿದರೆ ಡೆಂಗಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಚಿಕಿತ್ಸೆಯ ಪೈಪು, ಲೋಟಗಳನ್ನು ಬೇರೆ ಇಟ್ಟು ಬಿಸಿಲಿಗೆ ಪೂರ್ತಿ ಒಣಗಿಸಿ. ಮದ್ದಿನ ನೀರನ್ನು ಕೆರೆ-ಬಾವಿಗೆ ಸುರಿಯಬಾರದು.

ಇಷ್ಟೆಲ್ಲ ಮನೆಯವರ ಕೆಲಸ. ಮಾರುವವರದ್ದೂ ಸ್ವಲ್ಪ ಇದೆ. ಹೊಳೆಯಿಂದ ಬಂದ ಪಫರ್ ಅನ್ನು ಸಗಟು ವ್ಯಾಪಾರಿಗಳು ಎರಡು ವಾರ ಇಟ್ಟುಕೊಂಡು, ಚೆನ್ನಾಗಿ ತಿನ್ನಿಸಿ, ಒಂದು ಸುತ್ತು ಲೆವಾಮಿಸೋಲ್ ಮುಗಿಸಿ ಅಂಗಡಿಗೆ ಕೊಟ್ಟರೆ ಮದ್ದಿನ ಖರ್ಚು ಮೀನೊಂದಕ್ಕೆ ಪೈಸೆಗಳ ಲೆಕ್ಕ. ತೊಟ್ಟಿಯ ಮೇಲೆ ‘ಹೊಳೆಯದು’ ಅಥವಾ ‘ಸಾಕಿದ್ದು’ ಎಂದು ಬರೆಯಲಿ. ಈ ಮೀನು ತೊಟ್ಟಿಯಲ್ಲೇ ಪಾಚಿಯ ನಡುವೆ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಮರಿ ಮಾಡಿ ಮಾರುವವರಿಗೆ ಮೀನುಗಾರಿಕೆ ಇಲಾಖೆ ಉತ್ತೇಜನ ಕೊಟ್ಟರೆ ಹೊಳೆಗೂ ನೆಮ್ಮದಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಮೀನಿನ ರೋಗ ಬಲ್ಲವರಿದ್ದಾರೆ. ಅಲ್ಲಿನವರು ಪಶುವೈದ್ಯರಿಗೆ ಅಲಂಕಾರಿಕ ಮೀನಿನ ಮಲಪರೀಕ್ಷೆ ಮತ್ತು ಮದ್ದಿನ ಲೀಟರ್ ಲೆಕ್ಕದ ಬಗ್ಗೆ ಒಂದು ದಿನದ ತರಬೇತಿ ನಡೆಸಿ, ಅದೇ ಲೆಕ್ಕವನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚಬೇಕೆಂದು ವಿನಂತಿ.

ಇತಿ,
ಅಲಂಕಾರಿಕ ಮೀನು ಸಾಕಣೆದಾರ, ಮೈಸೂರು